ಕೆಡವಿದ ಸ್ಟೇಡಿಯಂಗಳನ್ನು ಡ್ರಮ್ ಕೋರ್‌ನ ಹಳಬರು ಇನ್ನೂ ಯಾಕೆ ನೆನೆಯುತ್ತಾರೆ?

ನನ್ನ ಪ್ರಕಾರ ಮುಖ್ಯ ಕಾರಣ ಸದ್ದು. ಅಮೆರಿಕದ ಡ್ರಮ್ ಕೋರ್ ಅಂದರೆ ಮೈದಾನದಲ್ಲಿ ನಡೆಯುತ್ತಲೇ ತುತ್ತೂರಿ, ಡ್ರಮ್ ನುಡಿಸುವ ಹುಡುಗ ಹುಡುಗಿಯರ ತಂಡ. ಒಂದು ತುದಿಯ ಏಟು ಇನ್ನೊಂದು ತುದಿಗೆ ಕೇಳಿಸಲು ಸುಮಾರು ಕಾಲು ಸೆಕೆಂಡು ಬೇಕು. ಗ್ಯಾಲರಿಗೆ ಬಡಿದು ಬರುವ ಪ್ರತಿಧ್ವನಿ ಬೇರೆ! ಅದನ್ನು ನಂಬಿ ನುಡಿಸಿದರೆ ತಾಳ ತಪ್ಪಿತು ಅಂತಲೇ ಲೆಕ್ಕ. ಹಾಗಾಗಿ ಒಂದೊಂದು ಸ್ಟೇಡಿಯಂನ ಗುಣವೂ ಕಿವಿಯಲ್ಲಿ ಉಳಿದುಬಿಡುತ್ತದೆ.

1977, 78ರಲ್ಲಿ ಈ ತಂಡಗಳ ಚಾಂಪಿಯನ್‌ಶಿಪ್ ಫೈನಲ್ಸ್ ನಡೆದ ಡೆನ್ವರ್‌ನ ಮೈಲ್ ಹೈ ಸ್ಟೇಡಿಯಂನಲ್ಲಿ ಉಕ್ಕಿನ ಗ್ಯಾಲರಿಗಳಿದ್ದವು. ಜನ ಕಾಲು ಬಡಿದರೆ ಗುಡುಗಿದ ಹಾಗೆ. ಮೇಲಾಗಿ 1,600 ಮೀಟರ್ ಎತ್ತರದ ಊರು, ತುತ್ತೂರಿಯವರಿಗೆ ಉಸಿರು ಸಾಲಬೇಕಲ್ವಾ? 2002ರಲ್ಲಿ ಅದನ್ನು ಕೆಡವಿದರು.

1983ರಲ್ಲಿ ಗಾರ್ಫೀಲ್ಡ್ ಕೆಡೆಟ್ಸ್ ಅನ್ನೋ ತಂಡ ಮೊದಲ ಸಲ ಚಾಂಪಿಯನ್ ಆದದ್ದು ಮಯಾಮಿಯ ಆರೆಂಜ್ ಬೌಲ್ ಸ್ಟೇಡಿಯಂನಲ್ಲಿ, ಆಗಸ್ಟ್ ಸೆಕೆಯಲ್ಲಿ. 2008ರಲ್ಲಿ ಅದೂ ಹೋಯಿತು, ಈಗ ಅಲ್ಲಿ ಬೇಸ್‌ಬಾಲ್ ಸ್ಟೇಡಿಯಂ ಇದೆ.