ಮೊದಲು ಆ ಡಿಎಂಜೆಡ್ ಆಫ್ ಮಾಡಿ

ಉಳಿದದ್ದನ್ನೆಲ್ಲ ಆಮೇಲೆ ಓದಿದರೂ ನಡೆಯುತ್ತದೆ. ಈಗಲೇ ರೌಟರ್‌ಗೆ ಲಾಗಿನ್ ಆಗಿ ಡಿಎಂಜೆಡ್ (ಹೊರಗಿನಿಂದ ಬರುವುದನ್ನೆಲ್ಲ ಒಂದೇ ಮಷೀನಿಗೆ ಕಳಿಸುವ ಸೆಟ್ಟಿಂಗ್) ಆಫ್ ಮಾಡಿ ಬನ್ನಿ.

ಮನೆಯ ಉಬುಂಟು ಮಷೀನಿನಲ್ಲಿ ಇಟ್ಟ ಸೈಟ್ ಹೊರಗೆ ಯಾಕೆ ಕಾಣುತ್ತಿಲ್ಲ ಅಂತ ಇಲ್ಲಿ ಕೇಳಿದ್ದೀರಿ. ನೀವು ಹಾಕಿದ ಎರಡೂ ಸ್ಕ್ರೀನ್‌ಶಾಟ್ ನೋಡಿದೆ. ಮನೆಯ ವೈಫೈನಲ್ಲಿ ಸೈಟ್ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ವೆಬ್‌ಸೈಟಿನ ಪೋರ್ಟ್ 80, 443 ಎರಡನ್ನೂ ರೌಟರ್‌ನಿಂದ ಮಷೀನಿಗೆ ಫಾರ್ವರ್ಡ್ ಮಾಡಿ ನೋಡಿದ್ದೀರಿ. ಅದೂ ಆಗದೆ ಸಿಟ್ಟು ಬಂದು ಇಡೀ ಮಷೀನನ್ನೇ ಡಿಎಂಜೆಡ್‌ಗೆ ತಳ್ಳಿದ್ದೀರಿ. ಮೇಲೆ ಒಬ್ಬರು "ಉಬುಂಟುವಿನ ಫೈರ್‌ವಾಲ್ ಕೂಡ ಆಫ್ ಮಾಡಿ ನೋಡಿ" ಅಂತ ಬೇರೆ ಬರೆದಿದ್ದಾರೆ. ದಯವಿಟ್ಟು ಅದನ್ನು ಕೇಳಬೇಡಿ. ನಾನು ಒಂದು ಕಾಲದಲ್ಲಿ ಕೇಳಿದ್ದೆ.

ನಿಮ್ಮ ಎರಡನೇ ಸ್ಕ್ರೀನ್‌ಶಾಟಿನಲ್ಲೇ ಉತ್ತರ ಇದೆ. ಸ್ಟೇಟಸ್ ಪೇಜಿನಲ್ಲಿ ವ್ಯಾನ್ ಐಪಿ (ರೌಟರ್‌ನ ಹೊರಗಿನ ವಿಳಾಸ) 100.72 ಅಂತ ಶುರುವಾಗುತ್ತದೆ, ಅಲ್ವಾ? 100.64ರಿಂದ 100.127ರವರೆಗೆ ಯಾವುದೇ ಐಪಿ ಕಂಡರೂ ಅದು ಸಿಜಿನ್ಯಾಟ್. ನಿಮ್ಮ ರೌಟರ್ ಆಚೆ ಕನೆಕ್ಷನ್ ಕೊಟ್ಟವರ ಇನ್ನೊಂದು ನ್ಯಾಟ್ (ಹಲವರನ್ನು ಒಂದೇ ಐಪಿಯ ಹಿಂದೆ ಇಡುವ ವ್ಯವಸ್ಥೆ) ಕೂತಿದೆ. ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಬರುವವರನ್ನು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ವಾಪಸ್ ಕಳಿಸುತ್ತಿದ್ದಾರೆ, ನೀವು ಮೇಲೆ ಮನೆಯ ಬಾಗಿಲು, ಕಿಟಕಿ, ಬಾಲ್ಕನಿ ಎಲ್ಲ ತೆಗೆದಿಟ್ಟು ಕಾಯುತ್ತಿದ್ದೀರಿ. ಡೈನಾಮಿಕ್ ಡಿಎನ್‌ಎಸ್ (ಬದಲಾಗುವ ಐಪಿಗೆ ಒಂದು ಹೆಸರು ಅಂಟಿಸುವ ಸೇವೆ) ಹಾಕಿದರೂ ಇದೇ ಕಥೆ. ಅದು ಗೇಟಿನ ವಿಳಾಸ ಬರೆದುಕೊಳ್ಳುತ್ತದೆ, ಅಷ್ಟೇ.

"ಯಾರೂ ಒಳಗೆ ಬರೋಕಾಗಲ್ಲ ಅಂದ್ಮೇಲೆ ಡಿಎಂಜೆಡ್ ಇದ್ದರೆ ನಷ್ಟ ಏನು?" ಅಂತ ಕೇಳಬಹುದು. ನಾನೂ ಸರಿಯಾಗಿ ಹೀಗೇ ಅಂದುಕೊಂಡು ಅದನ್ನು ಹಾಗೇ ಬಿಟ್ಟಿದ್ದೆ. ಎರಡು ತಿಂಗಳಾದ ಮೇಲೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಪಬ್ಲಿಕ್ ಐಪಿ ತಗೊಂಡೆ. ಆನ್ ಆಗಿದೆ ಅಂತ ಮೆಸೇಜ್ ಬಂತು. ಮೊಬೈಲ್ ಡೇಟಾದಲ್ಲಿ ಸೈಟ್ ತೆಗೆದೆ, ತಟ್ಟನೆ ತೆರೆಯಿತು. ಖುಷಿಯೋ ಖುಷಿ. ಡಿಎಂಜೆಡ್ ಆನ್ ಇದೆ ಅನ್ನೋದು ತಲೆಯಲ್ಲೇ ಇರಲಿಲ್ಲ. ಯಾವತ್ತೋ ಹತ್ತು ನಿಮಿಷದ ಕೆಲಸಕ್ಕೆ ಅಂತ "ಟೆಸ್ಟ್" ಹೆಸರಿನ ಯೂಸರ್ ಮಾಡಿದ್ದೆ, ಪಾಸ್‌ವರ್ಡೂ ಅದೇ. ಅದೂ ನೆನಪಿರಲಿಲ್ಲ.

ಮೂರನೇ ರಾತ್ರಿ ಫ್ಯಾನ್ ಸದ್ದಿಗೆ ಎಚ್ಚರ ಆಯಿತು. ಮಂಚದ ಪಕ್ಕದ ಹಳೇ ಡೆಸ್ಕ್‌ಟಾಪ್ ಮಿಕ್ಸಿ ಥರ ಕೂಗುತ್ತಿತ್ತು. ಟಾಪ್ ಕಮಾಂಡ್ ಹಾಕಿ ನೋಡಿದರೆ ಒಂದು ಪ್ರೋಸೆಸ್ 398% ಸಿಪಿಯು ತಿನ್ನುತ್ತಿದೆ, ನಾಲ್ಕೂ ಕೋರ್ ಫುಲ್. ಹೆಸರು ಸಿಸ್ಟಮ್ಮಿನದೇ ಅನ್ನಿಸುವಂಥದ್ದು, ಆದರೆ ಓಡಿಸುತ್ತಿರುವ ಯೂಸರ್ "ಟೆಸ್ಟ್". ಕಿಲ್ ಮಾಡಿದೆ, ಫ್ಯಾನ್ ಇಳಿಯಿತು. ಒಂದು ನಿಮಿಷಕ್ಕೆ ಮತ್ತೆ ಏರಿತು. ಆ ಯೂಸರ್‌ನ ಕ್ರಾನ್‌ಟ್ಯಾಬಿನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳ ಪಟ್ಟಿ) ಪ್ರತಿ ನಿಮಿಷ ಅದನ್ನೇ ಎಬ್ಬಿಸುವ ಒಂದು ಸಾಲು. ಲಾಗಿನ್ ಪ್ರಯತ್ನ ದಾಖಲಾಗುವ ಆಥ್ ಲಾಗ್ ತೆಗೆದರೆ ರೂಟ್, ಅಡ್ಮಿನ್, ಪೈ, ಉಬುಂಟು ಅಂತ ಯೂಸರ್ ಹೆಸರು ಹಾಕಿ ಸಾವಿರಾರು ಸಲ ಬಾಗಿಲು ಬಡಿದಿದ್ದಾರೆ. ನಡುವೆ ಒಂದು ಕಡೆ "ಟೆಸ್ಟ್", ಮೊದಲ ಏಟಿಗೇ ಒಳಗೆ. ಯಾರೋ ನನ್ನ ಕರೆಂಟಿನಲ್ಲಿ ಕಾಯಿನ್ ಮೈನ್ ಮಾಡುತ್ತಿದ್ದರು.

ಮೈನಿಂಗ್ ಮಾಡಿದ್ದು ಪುಣ್ಯ ಅನ್ನಬೇಕು. ಅದೇ ನೆಟ್‌ವರ್ಕಿನಲ್ಲಿ ಮನೆಯವರ ಲ್ಯಾಪ್‌ಟಾಪ್, ಫೋಟೋ ಇಟ್ಟ ಡಿಸ್ಕ್ ಎಲ್ಲ ಇತ್ತು. ಮನೆಯ ರೌಟರ್‌ನಲ್ಲಿ ಡಿಎಂಜೆಡ್ ಅಂತ ಕರೆಯೋದು ಹೆಸರಿಗೆ ಮಾತ್ರ. ನಿಜವಾದ ಡಿಎಂಜೆಡ್ ಬೇರೆಯೇ ನೆಟ್‌ವರ್ಕ್. ಇದು ಎಲ್ಲ ಪೋರ್ಟನ್ನೂ ಒಂದು ಮಷೀನಿಗೆ ಸುರಿಯುತ್ತದೆ, ಆದರೆ ಆ ಮಷೀನ್ ನಿಮ್ಮ ಮನೆಯ ನೆಟ್‌ವರ್ಕಿನೊಳಗೇ ಇರುತ್ತದೆ. ಹೀಗಾದಾಗ ಫೈಲ್ ಹುಡುಕಿ ಅಳಿಸುತ್ತಾ ಕೂರಬೇಡಿ. ಡಿಸ್ಕ್ ಪೂರ್ತಿ ಒರೆಸಿ ಹೊಸದಾಗಿ ಹಾಕಿ, ಪಾಸ್‌ವರ್ಡ್ ಎಲ್ಲ ಬದಲಿಸಿ. ಇನ್ನೇನು ಬಿಟ್ಟು ಹೋಗಿದ್ದಾರೆ ಅಂತ ನಿಮಗೆ ಗೊತ್ತಾಗೋದೇ ಇಲ್ಲ.

ಈಗ ನಿಮ್ಮ ವಿಷಯ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೊಡುತ್ತೀರಾ ಅಂತ ಕೇಳಿ. "ಸ್ಟ್ಯಾಟಿಕ್" ಬೇಕು ಅಂತಲೇ ಇಲ್ಲ, ಬದಲಾಗುವ ಪಬ್ಲಿಕ್ ಐಪಿ ಆದರೂ ಸಾಕು, ಡಕ್‌ಡಿಎನ್‌ಎಸ್ ಅನ್ನೋ ಡೈನಾಮಿಕ್ ಡಿಎನ್‌ಎಸ್ ಸೇವೆ ನೋಡಿಕೊಳ್ಳುತ್ತದೆ. ಕೊಡಲ್ಲ ಅಂದರೆ ಟನೆಲ್, ಅಂದರೆ ಹೊರಗಿನ ಒಂದು ಸರ್ವರ್ ಮೂಲಕ ಸೈಟ್ ತೋರಿಸುವ ದಾರಿ. ನಾನು ಈಗ ಕ್ಲೌಡ್‌ಫ್ಲೇರ್ ಟನೆಲ್‌ನಲ್ಲೇ ಇದ್ದೇನೆ. ನಿಮ್ಮ ಮಷೀನೇ ಒಳಗಿನಿಂದ ಹೊರಗೆ ಕನೆಕ್ಟ್ ಆಗುತ್ತದೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರಲ್ಲ, ರೌಟರ್‌ನಲ್ಲಿ ಒಂದು ಪೋರ್ಟೂ ತೆಗೆಯಬೇಕಿಲ್ಲ. ಆದರೆ ಸ್ವಂತ ಡೊಮೇನ್ ಬೇಕು. ಎನ್‌ಕ್ರಿಪ್ಷನ್ ಅವರ ಕಡೆ ಬಿಚ್ಚುತ್ತದೆ, ಅಂದರೆ ಹೋಗಿ ಬರುವುದನ್ನು ಅವರು ನೋಡಬಹುದು. ಬ್ಲಾಗಿಗೆ ಪರವಾಗಿಲ್ಲ, ಮನೆಯ ಫೋಟೋ ಆಲ್ಬಮ್ ಆದರೆ ಯೋಚನೆ ಮಾಡಿ. ಅದು ಇಷ್ಟ ಇಲ್ಲದವರು ಒಂದು ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ವಿಪಿಎನ್ ಎಳೆದುಕೊಳ್ಳಿ. ಕೆಲಸ ಜಾಸ್ತಿ, ಹಿಡಿತ ನಿಮ್ಮದು.

ಫೈರ್‌ವಾಲ್ ಆಫ್ ಮಾಡಿ ಅಂದವರಿಗೆ ಒಂದು ಮಾತು. ಸಿಜಿನ್ಯಾಟ್ ಇರುವ ಲೈನಿನಲ್ಲೂ ಎಷ್ಟೋ ಕಡೆ ಐಪಿವಿ6 (ಹೊಸ ಮಾದರಿಯ ಐಪಿ ವಿಳಾಸ) ಸರಿಯಾಗಿ ಬರುತ್ತದೆ. ಅದಕ್ಕೆ ನ್ಯಾಟ್ ಇರುವುದಿಲ್ಲ, ಮಷೀನಿಗೆ ನೇರವಾಗಿ ಪಬ್ಲಿಕ್ ವಿಳಾಸವೇ ಸಿಗುತ್ತದೆ. ರೌಟರ್‌ನ ಐಪಿವಿ6 ಫೈರ್‌ವಾಲ್ ಸಡಿಲ ಇದ್ದು, ಉಬುಂಟುವಿನದ್ದನ್ನೂ ಆಫ್ ಮಾಡಿದರೆ ಮುಗಿಯಿತು. ಇದನ್ನೇ ಒಳ್ಳೆಯದಕ್ಕೂ ಬಳಸಬಹುದು, 443 ಒಂದನ್ನೇ ಐಪಿವಿ6ನಲ್ಲಿ ತೆಗೆದು ಸೈಟ್ ನಡೆಸಬಹುದು. ಐಪಿವಿ6 ಇಲ್ಲದವರಿಗೆ ಮಾತ್ರ ಕಾಣಲ್ಲ.

ಎಸ್‌ಎಸ್‌ಎಚ್‌ಗೆ (ದೂರದಿಂದ ಮಷೀನಿಗೆ ಲಾಗಿನ್ ಆಗುವ ದಾರಿ) ಕೀ ಫೈಲ್ ಹಾಕಿ, ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಬಂದ್ ಮಾಡುವ ಮುಂಚೆ ಇನ್ನೊಂದು ಟರ್ಮಿನಲ್‌ನಲ್ಲಿ ಕೀಯಿಂದ ಒಳಗೆ ಹೋಗಿ ನೋಡಿ, ಹಳೇ ಸೆಷನ್ ಮುಚ್ಚಬೇಡಿ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಆನ್ ಮಾಡುವಾಗಲೂ ಅಷ್ಟೇ, ಮೊದಲು ಎಸ್‌ಎಸ್‌ಎಚ್‌ಗೆ ಅನುಮತಿ, ಆಮೇಲೆ ಆನ್. ಎಸ್‌ಎಸ್‌ಎಚ್‌ಗೆ ಪೋರ್ಟ್ 22 ಬಿಟ್ಟು 2222 ಹಾಕಿಕೊಂಡು ಸೇಫ್ ಅನ್ನುವವರು ಸುಮ್ನೆ ಸಮಾಧಾನ ಪಟ್ಟುಕೊಳ್ಳುತ್ತಿದ್ದಾರೆ. ಲಾಗಿನಲ್ಲಿ ಗದ್ದಲ ಕಡಿಮೆ ಆಗುತ್ತದೆ, ಅಷ್ಟೇ. ನಾನಂತೂ ಎಸ್‌ಎಸ್‌ಎಚ್ ಹೊರಗೆ ತೆಗೆಯೋದೇ ಇಲ್ಲ, ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಮೂಲಕ ಹೋಗುತ್ತೇನೆ.

ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುತ್ತಿದ್ದರೆ ಇದನ್ನು ಎರಡು ಸಲ ಓದಿ. ಕಂಟೇನರ್ ಪೋರ್ಟ್ ಪಬ್ಲಿಷ್ ಮಾಡಿದರೆ ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ರೂಲ್ ಬರೆಯುತ್ತದೆ, ಯುಎಫ್‌ಡಬ್ಲ್ಯೂ ಅದನ್ನು ತಡೆಯುವುದಿಲ್ಲ. ಯುಎಫ್‌ಡಬ್ಲ್ಯೂನಲ್ಲಿ ಡೇಟಾಬೇಸಿನ ಪೋರ್ಟ್ 3306 ಬಂದ್ ಅಂತ ಕಾಣಿಸುತ್ತದೆ, ಡೇಟಾಬೇಸ್ ಹೊರಗೆ ಆರಾಮಾಗಿ ಕಾಣುತ್ತಿರುತ್ತದೆ. ಡಾಕರ್‌ನ ಪೋರ್ಟ್ ಸಾಲಿನಲ್ಲಿ 127.0.0.1 (ಅಂದರೆ ಈ ಮಷೀನಿಗೆ ಮಾತ್ರ) ಸೇರಿಸಿ. ರೆಡಿಸ್ ಅನ್ನೋ ಡೇಟಾಬೇಸ್‌ಗೂ ಹಾಗೇ.

ವೆಬ್ ಸರ್ವರ್‌ಗೆ ನನ್ನ ಓಟು ಕ್ಯಾಡಿಗೆ. ಎನ್‌ಜಿನ್ಎಕ್ಸ್ ಕಲಿಯಿರಿ, ಬೇಡ ಅನ್ನಲ್ಲ. ಆದರೆ ಎರಡು ಸಾಲಿನ ಕ್ಯಾಡಿಫೈಲ್ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ತಾನೇ ತಂದು ತಾನೇ ರಿನ್ಯೂ ಮಾಡುವಾಗ ಮೊದಲ ಸೈಟಿಗೇ ಯಾಕೆ ಒದ್ದಾಡಬೇಕು? ಸರ್ಟಿಫಿಕೇಟ್ ತರಲು ಸರ್ಟ್‌ಬಾಟ್ ಬಳಸುವವರು ಮೊದಲು ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟ ಸರ್ವರ್) ಪ್ರಯತ್ನಿಸಿ. ಒಂದು ಗಂಟೆಯಲ್ಲಿ ಒಂದೇ ಹೆಸರಿಗೆ 5 ಸಲ ಫೇಲ್ ಆದರೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮನ್ನು ಕಾಯಿಸುತ್ತದೆ. ಇನ್ನು 80 ಬಂದ್ ಮಾಡಿ ಸರ್ಟಿಫಿಕೇಟ್ ಬರ್ತಿಲ್ಲ ಅಂತ ಅಳಬೇಡಿ, ಸೈಟ್ ನಿಮ್ಮದೇನಾ ಅಂತ ನೋಡುವ ಎಚ್‌ಟಿಟಿಪಿ ಚಾಲೆಂಜ್ ಬರೋದೇ 80ರ ಮೇಲೆ.

ಪರೀಕ್ಷೆ ಯಾವಾಗಲೂ ಮೊಬೈಲ್ ಡೇಟಾದಲ್ಲಿ, ವೈಫೈ ಆಫ್ ಮಾಡಿ. ಮನೆಯೊಳಗಿಂದ ಪಬ್ಲಿಕ್ ಹೆಸರು ಹೊಡೆದಾಗ ಕೆಲವು ರೌಟರ್ ವಾಪಸ್ ತಿರುಗಿಸಲ್ಲ. ಸರಿ ಇರುವುದನ್ನೇ ಕೆಟ್ಟಿದೆ ಅಂತ ಬಿಚ್ಚುತ್ತಾ ಕೂರುತ್ತೀರಿ. ಸರ್ವರ್‌ಗೆ ಡಿಎಚ್‌ಸಿಪಿ ರಿಸರ್ವೇಶನ್ (ರೌಟರ್ ಯಾವಾಗಲೂ ಅದೇ ಒಳಗಿನ ಐಪಿ ಕೊಡುವ ಸೆಟ್ಟಿಂಗ್) ಕೊಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ಫಾರ್ವರ್ಡಿಂಗ್ ಟೀವಿಗೆ ಹೋಗುತ್ತಿರುತ್ತದೆ. ಕರೆಂಟ್ ಅಂದಾಗ ನೆನಪಾಯಿತು, ಬಯಾಸ್‌ನಲ್ಲಿ ಪವರ್ ಬಂದ ತಕ್ಷಣ ಆನ್ ಆಗುವ ಸೆಟ್ಟಿಂಗ್ ಇರುತ್ತದೆ, ಹಾಕಿಡಿ. ಯುಪಿಎಸ್‌ಗೆ ರೌಟರ್ ಅನ್ನೂ ಸೇರಿಸಿ.

ಸರ್ವರ್‌ಗೆ ರಾಸ್ಪ್‌ಬೆರಿ ಪೈ (ಅಂಗೈಯಗಲದ ಚಿಕ್ಕ ಕಂಪ್ಯೂಟರ್) ಬೇಕಾ, ಹಳೇ ಲ್ಯಾಪ್‌ಟಾಪ್ ಸಾಕಾ ಅಂತಲೂ ಕೇಳಿದ್ದೀರಿ. ಲ್ಯಾಪ್‌ಟಾಪ್ ಸಾಕು, ಬ್ಯಾಟರಿಯೇ ಯುಪಿಎಸ್. ಮುಚ್ಚಳ ಮುಚ್ಚಿದರೆ ಮಲಗದ ಹಾಗೆ ಲಾಗಿನ್‌ಡಿ (ಉಬುಂಟುವಿನಲ್ಲಿ ಇದನ್ನು ನೋಡಿಕೊಳ್ಳುವ ಸೇವೆ) ಕಾನ್ಫಿಗ್‌ನಲ್ಲಿ ಲಿಡ್ ಸ್ವಿಚ್ ಇಗ್ನೋರ್ ಮಾಡಿ. ಬ್ಯಾಟರಿ ಉಬ್ಬಿದ ಹಾಗೆ ಕಂಡರೆ ಅದೇ ದಿನ ತೆಗೆಯಿರಿ. ಪೈ ಕೂಡ ಒಳ್ಳೆಯದೇ, ಆದರೆ ಡೇಟಾಬೇಸನ್ನು ಎಸ್‌ಡಿ ಕಾರ್ಡಿನ ಮೇಲೆ ಓಡಿಸಬೇಡಿ. ನನ್ನ ಎರಡು ಕಾರ್ಡ್ ಹಾಗೇ ಸತ್ತವು. ಬ್ಯಾಕಪ್ ಇತ್ತು, ಅದೇ ಕಾರ್ಡಿನಲ್ಲಿ. ನಗಬೇಡಿ.

ಇನ್ನೊಂದು. ನಿಮ್ಮ ಮೊದಲ ಸ್ಕ್ರೀನ್‌ಶಾಟಿನ ಅಡ್ರೆಸ್ ಬಾರ್ ನೋಡಿ, ಡಕ್‌ಡಿಎನ್‌ಎಸ್ ಅಪ್‌ಡೇಟ್ ಲಿಂಕು ಟೋಕನ್ (ಪಾಸ್‌ವರ್ಡ್ ಥರದ ಗುಟ್ಟಿನ ಕೋಡ್) ಸಮೇತ ಕಾಣಿಸುತ್ತಿದೆ. ಚಿತ್ರ ತೆಗೆದುಹಾಕಿ, ಟೋಕನ್ ಬದಲಿಸಿ, ಆಮೇಲೆ ಬಂದು ಡಿಎಂಜೆಡ್ ಆಫ್ ಆಯಿತು ಅಂತ ಹೇಳಿ.