ಓದುಗರ ಪ್ರಶ್ನೆ: ರೋಮನ್ನರ ಒಲೆ ಮತ್ತು ಹಡಗು

ಈ ಬಾರಿ ಇತಿಹಾಸ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಾಚೀನ ರೋಮ್‌ಗೆ ಸಂಬಂಧಿಸಿದವು. ಕೆಲವರು ಊಟದ ಬಗ್ಗೆ ಕೇಳಿದ್ದಾರೆ, ಕೆಲವರು ನೌಕಾಯುದ್ಧದ ಬಗ್ಗೆ. ಎರಡನ್ನೂ ಬೇರೆ ಬೇರೆ ಕಂತುಗಳಿಗೆ ಹಂಚಬಹುದಿತ್ತು. ಆದರೆ ರೋಮ್ ನಗರದ ಒಲೆಯ ಮೇಲಿನ ಗಡಿಗೆಗೂ ಮೆಡಿಟರೇನಿಯನ್ ಸಮುದ್ರದ ಹಡಗಿಗೂ ಇದ್ದ ನಂಟನ್ನು ಬಿಟ್ಟು ನೋಡಿದರೆ ಎರಡರಲ್ಲಿ ಒಂದೂ ಸರಿಯಾಗಿ ಅರ್ಥವಾಗುವುದಿಲ್ಲವೆಂದು ನಾನು ಬಲವಾಗಿ ನಂಬಿರುವುದರಿಂದ ಎಲ್ಲ ಪತ್ರಗಳನ್ನೂ ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ರೋಮನ್ನರ ಊಟವೆಂದರೆ ಮಂಚದ ಮೇಲೆ ಒರಗಿಕೊಂಡು ಬಗೆಬಗೆಯ ಮಾಂಸ ತಿನ್ನುವ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಸಾಮಾನ್ಯ ಜನರು ನಿತ್ಯ ಏನು ಉಣ್ಣುತ್ತಿದ್ದರು? (ಧಾರವಾಡದ ಓದುಗರು)

ಉತ್ತರ: ಮಂಚದ ಮೇಲಿನ ಔತಣ ಸಿರಿವಂತರ ಮನೆಯದು. ಉಳಿದವರೆಲ್ಲರ ಬದುಕು ನಿಂತಿದ್ದುದು ಧಾನ್ಯದ ಮೇಲೆ. ರೋಮನ್ನರು ಬಹುಕಾಲ ರೊಟ್ಟಿಯಿಂದಲ್ಲ, ಗಂಜಿಯಿಂದ ಬದುಕಿದವರು ಎಂದು ಕ್ರಿ.ಶ. ಮೊದಲನೆಯ ಶತಮಾನದ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ‘ಪುಲ್ಸ್’ ಎಂದು ಕರೆಯುತ್ತಿದ್ದ ಈ ಗಂಜಿಯನ್ನು ‘ಫಾರ್’ ಎಂಬ ಸಿಪ್ಪೆಗೋಧಿಯಿಂದ ಕಾಯಿಸುತ್ತಿದ್ದರು. ನಿಮ್ಮ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಇಂದಿಗೂ ಬೆಳೆಯುವ ಜವೆ ಗೋಧಿಯೂ ಇದೇ ಜಾತಿಯದು. ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ಕುಟ್ಟಿ ಬಿಡಿಸಬೇಕಾಗಿತ್ತು. ಹೀಗಾಗಿ ಹಳೆಯ ರೋಮನ್ ಮನೆಯಲ್ಲಿ ಒರಳು ಒನಕೆಗಳು ಇರಲೇಬೇಕಾಗಿತ್ತು. ಈ ಒನಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಸಮುದ್ರದ ಮೇಲೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ರೋಮ್ ನಗರದಲ್ಲಿ ರೊಟ್ಟಿ ಸುಟ್ಟು ಮಾರುವ ವೃತ್ತಿ ಆರಂಭವಾದದ್ದು ಮ್ಯಾಸಿಡೋನಿಯದ ದೊರೆ ಪರ್ಸಿಯಸ್‌ನೊಡನೆ ಯುದ್ಧ ನಡೆದ ಕಾಲದಲ್ಲಿ, ಅಂದರೆ ಕ್ರಿ.ಪೂ. 171ರಿಂದ 168ರ ನಡುವೆ ಎಂದೂ ಪ್ಲಿನಿ ಹೇಳುತ್ತಾನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪೊಂಪೇ ನಗರದ ಒಂದೇ ಬೇಕರಿಯ ಒಲೆಯೊಳಗೆ 81 ರೊಟ್ಟಿಗಳು ಉಳಿದುಬಿಟ್ಟವು. ಪಕ್ಕದ ಹರ್ಕ್ಯುಲೇನಿಯಂನಲ್ಲಿ ಸಿಕ್ಕ ಇನ್ನೊಂದು ರೊಟ್ಟಿ ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಇದ್ದಿಲಿನಂತೆ ಕಪ್ಪಾಗಿರುವ ಆ ದುಂಡು ರೊಟ್ಟಿಯ ಮೇಲೆ ಎಂಟು ಪಾಲುಗಳಾಗಿ ಮುರಿಯಲು ಅನುಕೂಲವಾಗುವಂತೆ ಗೆರೆಗಳನ್ನು ಒತ್ತಿದ್ದಾರೆ. ಬದಿಯಲ್ಲಿ ಸುತ್ತಲೂ ದಾರ ಬಿಗಿದಂಥ ಗುರುತಿದೆ. ಒಂದು ಪಾಲಿನ ಮೇಲೆ ‘ಕ್ವಿಂಟಸ್ ಗ್ರಾನಿಯಸ್ ವೆರಸ್‌ನ ದಾಸ ಸೆಲರ್‌ನದು’ ಎಂಬ ಮುದ್ರೆ ಒತ್ತಿದೆ. ಬೆಟ್ಟ ಸಿಡಿಯುವ ಮೊದಲು ಒಬ್ಬ ದಾಸನಿಗಾಗಿ ಹಸಿ ಹಿಟ್ಟಿನ ಮೇಲೆ ಒತ್ತಿದ ಹೆಸರು ಇಂದಿಗೂ ಓದಲು ಸಿಗುತ್ತದೆಂಬುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ.

ಗಂಜಿ ಮತ್ತು ರೊಟ್ಟಿಯ ಜೊತೆಗೆ ಹುರುಳಿಜಾತಿಯ ಕಾಳುಗಳು, ಎಲೆಕೋಸು, ಈರುಳ್ಳಿ, ಬೆಳ್ಳುಳ್ಳಿ, ಆಲಿವ್, ಗಿಣ್ಣು, ಅಂಜೂರ ಇರುತ್ತಿದ್ದವು. ಮಾಂಸ ಬಡವರಿಗೆ ದಿನನಿತ್ಯದ ಆಹಾರವಾಗಿರಲಿಲ್ಲ. ರೋಮ್‌ನ ಬಹುಮಹಡಿ ಬಾಡಿಗೆ ಕಟ್ಟಡಗಳಲ್ಲಿ ಬೆಂಕಿಯ ಭಯವಿತ್ತು, ಹೆಚ್ಚಿನ ಕೋಣೆಗಳಿಗೆ ಅಡುಗೆಮನೆಯೇ ಇರಲಿಲ್ಲ. ಆದ್ದರಿಂದ ಜನರು ಬೀದಿಬದಿಯ ಬಿಸಿ ಊಟದಂಗಡಿಗಳನ್ನು ನೆಚ್ಚಿಕೊಂಡಿದ್ದರು. ಪೊಂಪೇಯೊಂದರಲ್ಲೇ ಇಂಥ ಸುಮಾರು 80 ಅಂಗಡಿಗಳು ಪತ್ತೆಯಾಗಿವೆ. 2020ರಲ್ಲಿ ಪೂರ್ತಿಯಾಗಿ ಅಗೆದು ತೆಗೆದ ಒಂದು ಅಂಗಡಿಯ ಕಟ್ಟೆಯಲ್ಲಿ ಹೂಳಿಟ್ಟಿದ್ದ ಗುಡಾಣಗಳೊಳಗೆ ಬಾತುಕೋಳಿ, ಹಂದಿ, ಮೇಕೆ, ಮೀನು ಮತ್ತು ಬಸವನಹುಳುವಿನ ಅವಶೇಷಗಳು ದೊರೆತವು.

ಪ್ರಶ್ನೆ: ಟೊಮೆಟೊ, ಮೆಣಸಿನಕಾಯಿ ಇಲ್ಲದ ಇಟಲಿಯ ಅಡುಗೆಗೆ ರುಚಿ ಎಲ್ಲಿಂದ ಬರುತ್ತಿತ್ತು? ನಮ್ಮ ಕಡೆಯ ಕರಿಮೆಣಸು ಅಲ್ಲಿಗೆ ತಲುಪಿತ್ತೇ? (ಶಿರಸಿಯ ಓದುಗರು)

ಉತ್ತರ: ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಮೆಕ್ಕೆಜೋಳ ಇವೆಲ್ಲ ಅಮೆರಿಕ ಖಂಡದಿಂದ ಬಂದವು, ರೋಮನ್ನರು ಅವನ್ನು ಕಂಡೇ ಇರಲಿಲ್ಲ. ಅವರ ಅಡುಗೆಗೆ ಉಪ್ಪು ಮತ್ತು ರುಚಿಯ ಹದ ಕೊಡುತ್ತಿದ್ದುದು ‘ಗಾರುಮ್’. ಮೀನನ್ನೂ ಅದರ ಕರುಳನ್ನೂ ಉಪ್ಪಿನೊಡನೆ ತೊಟ್ಟಿಗಳಲ್ಲಿ ತುಂಬಿ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕರಗಿ ಇಳಿಯುವ ರಸವಿದು. ಮಾಡುವ ಜಾಗದಲ್ಲಿ ನಾತ ತಡೆಯಲಾಗದಷ್ಟಿದ್ದರೂ ಸೋಸಿದ ರಸಕ್ಕೆ ಬಹಳ ಬೇಡಿಕೆಯಿತ್ತು. ಪೊಂಪೇಯ ವ್ಯಾಪಾರಿ ಔಲಸ್ ಉಂಬ್ರಿಸಿಯಸ್ ಸ್ಕೌರಸ್ ಇದರಿಂದಲೇ ಸಿರಿವಂತನಾದವನು. ತನ್ನ ಮನೆಯ ಹಜಾರದ ನೆಲದಲ್ಲಿ ಬಣ್ಣದ ಕಲ್ಲುಗಳಿಂದ ಗಾರುಮ್ ಹೂಜಿಗಳ ಚಿತ್ರ ಕೂಡಿಸಿ, ಅದು ತನ್ನ ಕಾರ್ಖಾನೆಯ ಬಂಗುಡೆ ಜಾತಿಯ ಮೀನಿನ ಉತ್ತಮ ಸರಕು ಎಂದು ಬರೆಸಿದ್ದ.

ಕರಿಮೆಣಸು ಖಂಡಿತ ತಲುಪಿತ್ತು. ಅದು ಹೋಗುತ್ತಿದ್ದುದು ಹೆಚ್ಚಾಗಿ ಮಲಬಾರಿನ ಮುಜಿರಿಸ್ ಬಂದರಿನಿಂದ, ಹಿಂಗಾರು ಮಾರುತದ ಲಯ ಹಿಡಿದು ಕೆಂಪು ಸಮುದ್ರಕ್ಕೆ, ಅಲ್ಲಿಂದ ನೈಲ್ ನದಿಯ ಮೂಲಕ ಅಲೆಕ್ಸಾಂಡ್ರಿಯಕ್ಕೆ. ಈಜಿಪ್ಟಿನ ಬೆರೆನಿಕೆ ಬಂದರಿನ ದೇವಾಲಯವೊಂದರಲ್ಲಿ ಭಾರತದ ಗುಡಾಣವೊಂದರೊಳಗೆ ಸುಮಾರು 7.5 ಕಿಲೊ ಕರಿಮೆಣಸು ಸಿಕ್ಕಿದೆ. ಪ್ಲಿನಿ ಕೊಡುವ ದರದಂತೆ ರೋಮ್‌ನಲ್ಲಿ ಒಂದು ಪೌಂಡ್ ಕರಿಮೆಣಸಿಗೆ 4 ದಿನಾರಿಯಸ್ ಬೆಳ್ಳಿ ನಾಣ್ಯ, ಹಿಪ್ಪಲಿಗೆ 15. ನಮ್ಮ ಚಂದ್ರವಳ್ಳಿಯಲ್ಲಿ ಮತ್ತು ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಈ ಕಡಲ ವ್ಯಾಪಾರದ ಹಣ ಒಳನಾಡಿನವರೆಗೂ ಹರಿದು ಬಂದಿತ್ತು ಎಂಬುದಕ್ಕೆ ಸಾಕ್ಷಿ.

ಪ್ರಶ್ನೆ: ರೋಮನ್ನರು ಮೂಲತಃ ನೆಲದ ಮೇಲೆ ಕಾದಾಡುವ ರೈತ ಸೈನಿಕರು. ಕಡಲನ್ನೇ ಮನೆ ಮಾಡಿಕೊಂಡಿದ್ದ ಕಾರ್ಥೇಜಿನವರನ್ನು ಅವರು ನೀರಿನ ಮೇಲೆ ಸೋಲಿಸಿದ್ದು ಹೇಗೆ? (ಕಾರವಾರದ ಓದುಗರು)

ಉತ್ತರ: ಕ್ರಿ.ಪೂ. 264ರಲ್ಲಿ ಸಿಸಿಲಿ ದ್ವೀಪದ ಮೆಸಾನ ನಗರದ ಕಾರಣಕ್ಕೆ ರೋಮ್‌ಗೂ ಉತ್ತರ ಆಫ್ರಿಕದ ಕಾರ್ಥೇಜ್ ನಗರಕ್ಕೂ ನಡುವೆ ಮೊದಲನೆಯ ಪ್ಯೂನಿಕ್ ಯುದ್ಧ ಶುರುವಾದಾಗ ರೋಮ್ ಬಳಿ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ. ದಡಕ್ಕೆ ಸಿಕ್ಕಿಕೊಂಡ ಕಾರ್ಥೇಜಿನ ಒಂದು ಯುದ್ಧನೌಕೆಯನ್ನು ವಶಪಡಿಸಿಕೊಂಡು, ಅದನ್ನೇ ಮಾದರಿಯಾಗಿಟ್ಟುಕೊಂಡು, ‘ಕ್ವಿಂಕ್ವೆರೀಮ್’ ಎಂಬ ದೊಡ್ಡ ಹಡಗುಗಳನ್ನು ನೂರು, ‘ಟ್ರೈರೀಮ್’ ಎಂಬ ಚಿಕ್ಕವನ್ನು ಇಪ್ಪತ್ತು ಕಟ್ಟಿಸಿದರು ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆಯುತ್ತಾನೆ. ಹಡಗುಗಳು ಸಿದ್ಧವಾಗುವ ತನಕ ಹುಟ್ಟು ಹಾಕುವವರನ್ನು ನೆಲದ ಮೇಲೆಯೇ ಹಡಗಿನ ಕ್ರಮದಲ್ಲಿ ಬೆಂಚುಗಳ ಮೇಲೆ ಕೂರಿಸಿ, ನಡುವೆ ಲಯ ಕೂಗುವವನನ್ನು ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಹಿಂದಕ್ಕೆ ಬಾಗಿ ಕೈ ಎಳೆದುಕೊಳ್ಳುವುದನ್ನೂ ಮುಂದಕ್ಕೆ ಬಾಗಿ ಚಾಚುವುದನ್ನೂ ಕಲಿಸಿದರಂತೆ.

ಅಂದಿನ ನೌಕಾಯುದ್ಧದ ಮುಖ್ಯ ಆಯುಧವೇ ಹಡಗು. ಮುಂಭಾಗದಲ್ಲಿ ನೀರಿನ ಮಟ್ಟಕ್ಕೆ ಕೂರಿಸಿದ ಕಂಚಿನ ಗುದ್ದುಮೂತಿಯಿಂದ ಎದುರಾಳಿಯ ಪಕ್ಕೆಗೆ ತಿವಿದು, ತಕ್ಷಣ ಹಿಂದೆ ಸರಿದು, ನೀರು ನುಗ್ಗಲು ಬಿಡುವುದು ಕ್ರಮ. ಅದಕ್ಕೆ ಬೇಕಾದ ಕೈಚಳಕ ಕಾರ್ಥೇಜಿನವರಿಗೆ ತಲೆಮಾರುಗಳಿಂದ ಬಂದಿತ್ತು. ರೋಮನ್ನರ ಹಡಗುಗಳಾದರೋ ಒರಟಾಗಿದ್ದವು, ತಿರುಗುವುದು ನಿಧಾನವಾಗಿತ್ತು. ಆಗ ಅವರು ಕಂಡುಕೊಂಡ ಉಪಾಯವೇ ‘ಕೊರ್ವಸ್’, ಅಂದರೆ ಕಾಗೆ. ಹಡಗಿನ ಮೂತಿಯ ಬಳಿ 24 ಅಡಿ ಎತ್ತರದ ಕಂಬ ನೆಟ್ಟು, ಅದಕ್ಕೆ 36 ಅಡಿ ಉದ್ದ, 4 ಅಡಿ ಅಗಲದ ಹಲಗೆಯ ಸೇತುವೆಯನ್ನು ಹಗ್ಗ ಮತ್ತು ರಾಟೆಯಿಂದ ಎತ್ತಿ ನಿಲ್ಲಿಸುತ್ತಿದ್ದರು. ಸೇತುವೆಯ ಎರಡೂ ಬದಿಗೆ ಮೊಣಕಾಲೆತ್ತರದ ಕಟಾಂಜನ. ಅದರ ತುದಿಯ ಅಡಿಯಲ್ಲಿ ಚೂಪಾದ ಕಬ್ಬಿಣದ ಒಂದು ತುಂಡು. ಅದು ಒನಕೆಯ ಆಕಾರದಲ್ಲಿತ್ತು, ಇಡೀ ಸಾಧನ ಧಾನ್ಯ ಕುಟ್ಟುವ ಯಂತ್ರದಂತೆ ಕಾಣುತ್ತಿತ್ತು ಎಂದು ಪೊಲಿಬಿಯಸ್ ಹೇಳುತ್ತಾನೆ. ಶತ್ರುವಿನ ಹಡಗು ಹತ್ತಿರ ಬಂದೊಡನೆ ಹಗ್ಗ ಬಿಟ್ಟರೆ ಸೇತುವೆ ಬಿದ್ದು, ಆ ಒನಕೆ ಎದುರಿನ ಅಟ್ಟದ ಹಲಗೆಯೊಳಗೆ ನಾಟುತ್ತಿತ್ತು. ಎರಡು ಹಡಗುಗಳು ಹಾಗೆ ಬೆಸೆದುಕೊಂಡ ಮೇಲೆ ಸೈನಿಕರು ಇಬ್ಬಿಬ್ಬರಾಗಿ ದಾಟುತ್ತಿದ್ದರು. ಮೊದಲ ಇಬ್ಬರು ಗುರಾಣಿಯನ್ನು ಎದೆಯ ಮುಂದೆ ಹಿಡಿದರೆ, ಹಿಂದಿನವರು ಕಟಾಂಜನದ ಮೇಲೆ ಗುರಾಣಿಯ ಅಂಚನ್ನು ಊರಿ ಪಕ್ಕೆಗಳನ್ನು ಕಾಯ್ದುಕೊಳ್ಳುತ್ತಿದ್ದರು. ಹಾಗೆ ಕಡಲ ಕಾಳಗ ನೆಲದ ಕಾಳಗವಾಗಿಬಿಡುತ್ತಿತ್ತು, ಅದು ರೋಮನ್ನರಿಗೆ ಗೊತ್ತಿದ್ದ ವಿದ್ಯೆ.

ಕ್ರಿ.ಪೂ. 260ರಲ್ಲಿ ಸಿಸಿಲಿಯ ಮೈಲೇ ಬಳಿ ರೋಮನ್ ದಂಡನಾಯಕ ಗಾಯಸ್ ದುಯಿಲಿಯಸ್ ಹೀಗೆ ಗೆದ್ದ. ಊಟ ಮುಗಿಸಿ ರಾತ್ರಿ ಮನೆಗೆ ಮರಳುವಾಗ ಪಂಜು ಹಿಡಿದವನನ್ನೂ ಕೊಳಲು ಊದುವವನನ್ನೂ ಜೊತೆಗೆ ಕರೆದೊಯ್ಯುವುದು ಅವನಿಗೆ ದಕ್ಕಿದ ವಿಶೇಷ ಗೌರವವಾಗಿತ್ತು. ಕ್ರಿ.ಪೂ. 256ರ ಎಕ್ನೋಮಸ್ ಕಾಳಗದಲ್ಲಿ, ಪೊಲಿಬಿಯಸ್‌ನ ಲೆಕ್ಕದಂತೆ, 330 ರೋಮನ್ ಹಡಗುಗಳೂ 350 ಕಾರ್ಥೇಜ್ ಹಡಗುಗಳೂ ಎದುರಾದವು. ಆದರೆ ಮರುವರ್ಷವೇ ಸಿಸಿಲಿಯ ಕಮರೀನ ತೀರದಲ್ಲಿ ಬಿರುಗಾಳಿಗೆ ಸಿಕ್ಕ 364 ಹಡಗುಗಳಲ್ಲಿ ಉಳಿದವು 80 ಮಾತ್ರ. ಮೂತಿಯ ಮೇಲಿನ ಕಾಗೆಯ ಭಾರವೇ ಹಡಗುಗಳ ಸಮತೋಲ ಕೆಡಿಸಿತೆಂದು ಹಲವು ವಿದ್ವಾಂಸರು ಊಹಿಸುತ್ತಾರೆ, ಮುಂದಿನ ಕಾಳಗಗಳ ವರ್ಣನೆಯಲ್ಲಿ ಅದು ಕಾಣಿಸುವುದಿಲ್ಲ.

ಯುದ್ಧ ಮುಗಿದದ್ದು ಕ್ರಿ.ಪೂ. 241ರ ಮಾರ್ಚ್ 10ರಂದು, ಸಿಸಿಲಿಯ ಪಶ್ಚಿಮಕ್ಕಿರುವ ಈಗೇಟ್ಸ್ ದ್ವೀಪಗಳ ಬಳಿ. ಬರಿದಾದ ಬೊಕ್ಕಸದ ಬದಲು ಸಿರಿವಂತ ನಾಗರಿಕರು ಕೊಟ್ಟ ಸಾಲದಿಂದ ರೋಮ್ ಮತ್ತೊಮ್ಮೆ ಇನ್ನೂರು ಹಡಗು ಕಟ್ಟಿತ್ತು. ಕಾರ್ಥೇಜಿನ ಹಡಗುಗಳು ಸಿಸಿಲಿಯಲ್ಲಿದ್ದ ತಮ್ಮ ಸೈನ್ಯಕ್ಕೆ ಧಾನ್ಯ ಹೇರಿಕೊಂಡು ಭಾರವಾಗಿ ಬರುತ್ತಿದ್ದವು. ಆ ಭಾರವೇ ಅವುಗಳಿಗೆ ಮುಳುವಾಯಿತು. ಈ ಶತಮಾನದಲ್ಲಿ ಮುಳುಗುಗಾರರು ಅದೇ ಕಡಲತಳದಿಂದ ಇಪ್ಪತ್ತಕ್ಕೂ ಹೆಚ್ಚು ಕಂಚಿನ ಗುದ್ದುಮೂತಿಗಳನ್ನು ಮೇಲೆತ್ತಿದ್ದಾರೆ. ರೋಮನ್ ಮೂತಿಗಳ ಮೇಲೆ ತಯಾರಿಕೆಗೆ ಒಪ್ಪಿಗೆ ಕೊಟ್ಟ ಅಧಿಕಾರಿಗಳ ಹೆಸರಿದ್ದರೆ, ಕಾರ್ಥೇಜಿನ ಒಂದರ ಮೇಲೆ, ಈ ಮೂತಿ ಶತ್ರುವಿನ ಹಡಗನ್ನು ಹೊಗಲಿ ಎಂದು ಬಾಲ್ ದೇವರಿಗೆ ಸಲ್ಲಿಸಿದ ಪ್ರಾರ್ಥನೆಯಿದೆ.

ಪ್ರಶ್ನೆ: ಯುದ್ಧಕ್ಕೆ ಮೊದಲು ಕೋಳಿಗಳ ಶಕುನ ಕೇಳುತ್ತಿದ್ದರಂತೆ, ನಿಜವೇ? (ಹಾಸನದ ಓದುಗರು)

ಉತ್ತರ: ನಿಜ. ಗೂಡಿನಿಂದ ಬಿಟ್ಟ ಪವಿತ್ರ ಕೋಳಿಗಳು ಕಾಳನ್ನು ಆತುರದಿಂದ ಕುಕ್ಕಿದರೆ ಶುಭ. ಕ್ರಿ.ಪೂ. 249ರಲ್ಲಿ ಕಾರ್ಥೇಜಿನ ವಶದಲ್ಲಿದ್ದ ಸಿಸಿಲಿಯ ದ್ರೆಪಾನ ಬಂದರಿನ ಮೇಲೆ ಏರಿಹೋದ ರೋಮನ್ ದಂಡನಾಯಕ ಪಬ್ಲಿಯಸ್ ಕ್ಲಾಡಿಯಸ್ ಪಲ್ಕರ್, ಕೋಳಿಗಳು ಕಾಳು ಮುಟ್ಟದಿದ್ದಾಗ, ತಿನ್ನದಿದ್ದರೆ ಕುಡಿಯಲಿ ಎಂದು ಅವನ್ನು ಸಮುದ್ರಕ್ಕೆ ಎಸೆಸಿದನೆಂದು ರೋಮನ್ ಲೇಖಕರು ಹೇಳುತ್ತಾರೆ. ಆ ದಿನ ಅವನು 93 ಹಡಗುಗಳನ್ನು ಕಳೆದುಕೊಂಡ. ರೋಮ್‌ಗೆ ಮರಳಿದ ಮೇಲೆ ವಿಚಾರಣೆಗೊಳಗಾಗಿ ದಂಡ ತೆತ್ತ.

ಪ್ರಶ್ನೆ: ಸರಪಳಿ ಬಿಗಿದ ದಾಸರು ಚಾಟಿಯೇಟಿಗೆ ಹುಟ್ಟು ಹಾಕುವುದನ್ನು ಸಿನಿಮಾಗಳಲ್ಲಿ ನೋಡಿದ್ದೇವೆ. ಅವರ ಊಟ ಹೇಗಿರುತ್ತಿತ್ತು? (ಬೆಂಗಳೂರಿನ ಓದುಗರು)

ಉತ್ತರ: ಆ ದೃಶ್ಯ ನೂರಾರು ವರ್ಷ ಈಚಿನ ಯುರೋಪಿನ ಹಡಗುಗಳಿಂದ ಎರವಲು ತಂದದ್ದು. ರೋಮನ್ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರು ಸಾಮಾನ್ಯವಾಗಿ ಸಂಬಳ ಪಡೆಯುತ್ತಿದ್ದ ಸ್ವತಂತ್ರ ಜನ, ಹೆಚ್ಚಿನವರು ಬಡ ನಾಗರಿಕರು ಮತ್ತು ಮಿತ್ರನಗರಗಳವರು. ಕಷ್ಟಕಾಲದಲ್ಲಿ ದಾಸರನ್ನು ತೊಡಗಿಸಿದ್ದುಂಟು, ಆದರೆ ಆಗಲೂ ಬಿಡುಗಡೆ ಮಾಡಿ ತೊಡಗಿಸಿದ ಉದಾಹರಣೆಗಳಿವೆ: ಕ್ರಿ.ಪೂ. 37ರಲ್ಲಿ ರೋಮನ್ ದಂಡನಾಯಕ ಅಗ್ರಿಪ್ಪ ನೇಪಲ್ಸ್ ಸಮೀಪದ ಸರೋವರದಲ್ಲಿ ತರಬೇತಿ ಕೊಡಿಸಿದ್ದು ಬಿಡುಗಡೆ ಪಡೆದ 20,000 ದಾಸರಿಗೆ.

ಎಕ್ನೋಮಸ್‌ನಲ್ಲಿ ಒಂದೊಂದು ದೊಡ್ಡ ಹಡಗಿನಲ್ಲಿ 300 ಮಂದಿ ಹುಟ್ಟಿನವರು, 120 ಮಂದಿ ಸೈನಿಕರು ಇದ್ದರು. ಅಷ್ಟು ಜನ ಒತ್ತಾಗಿ ಕೂತ ಹಡಗಿನಲ್ಲಿ ಅಡುಗೆಗೂ ಮಲಗುವುದಕ್ಕೂ ಜಾಗವಿರಲಿಲ್ಲ, ಕುಡಿಯುವ ನೀರನ್ನೂ ಹೆಚ್ಚು ದಿನಕ್ಕೆ ತುಂಬಿಕೊಳ್ಳುವಂತಿರಲಿಲ್ಲ. ಹಾಗಾಗಿ ಯುದ್ಧನೌಕೆಗಳು ದಡದ ನಂಟು ಬಿಡದೆ ಸಾಗಿ, ಸಾಧ್ಯವಾದಾಗಲೆಲ್ಲ ಸಂಜೆಗೆ ತೀರ ಸೇರುತ್ತಿದ್ದವು. ಜನ ಇಳಿದು ಒಲೆ ಹೂಡಿ ಅಲ್ಲೇ ಉಂಡು ಮಲಗುತ್ತಿದ್ದರು. ನೀರಿಗೆ ಹುಳಿ ದ್ರಾಕ್ಷಾರಸ ಬೆರೆಸಿದ ‘ಪೊಸ್ಕ’ ಸೈನಿಕರ ನಿತ್ಯದ ಪಾನೀಯವಾಗಿತ್ತು. ಎಷ್ಟೋ ಬಾರಿ ಕಾಳಗದ ಫಲಿತಾಂಶ ನಿರ್ಧಾರವಾಗುತ್ತಿದ್ದುದು ಯಾರ ಹಿಡಿತದಲ್ಲಿ ಸಿಹಿನೀರಿನ ದಡವಿದೆ ಎಂಬುದರಿಂದಲೇ.

ಪ್ರಶ್ನೆ: ಇಟಲಿಯಲ್ಲೇ ಗೋಧಿ ಬೆಳೆಯುವಾಗ ರೋಮ್ ಹೊರಗಿನ ಧಾನ್ಯವನ್ನು ಯಾಕೆ ನೆಚ್ಚಿಕೊಂಡಿತು? (ಮೈಸೂರಿನ ಓದುಗರು)

ಉತ್ತರ: ನಗರ ಹತ್ತು ಲಕ್ಷ ಬಾಯಿಗಳ ಹತ್ತಿರಕ್ಕೆ ಬೆಳೆದದ್ದು ಮೊದಲ ಕಾರಣ. ಎರಡನೆಯದು, ಎತ್ತಿನ ಗಾಡಿಯಲ್ಲಿ ದೂರದಿಂದ ಧಾನ್ಯ ತರುವುದಕ್ಕಿಂತ ಕಡಲಾಚೆಯಿಂದ ಹಡಗಿನಲ್ಲಿ ತರುವುದೇ ಅಗ್ಗವಾಗಿತ್ತು. ಕಾರ್ಥೇಜಿನಿಂದ ಗೆದ್ದ ಸಿಸಿಲಿಯನ್ನು ರಾಜಕಾರಣಿ ಹಿರಿಯ ಕೇಟೋ ಗಣರಾಜ್ಯದ ಕಣಜ, ರೋಮ್‌ನ ಜನರಿಗೆ ಹಾಲೂಡುವ ದಾದಿ ಎಂದು ಕರೆದಿದ್ದನೆಂದು ವಾಗ್ಮಿ ಸಿಸೆರೊ ನೆನೆಯುತ್ತಾನೆ. ಕ್ರಿ.ಪೂ. 123ರಲ್ಲಿ ಜನನಾಯಕ ಗಾಯಸ್ ಗ್ರಾಕಸ್ ನಾಗರಿಕರಿಗೆ ನಿಗದಿತ ಅಗ್ಗದ ದರದಲ್ಲಿ ಧಾನ್ಯ ಕೊಡುವ ಕಾಯಿದೆ ತಂದ; ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಅದನ್ನು ಉಚಿತವಾಗಿಸಿದ. ಪಟ್ಟಿಯಲ್ಲಿದ್ದವನಿಗೆ ತಿಂಗಳಿಗೆ 5 ಮೋದಿಯಸ್, ಅಂದರೆ ಸುಮಾರು 33 ಕಿಲೊ ಗೋಧಿ.

ಅಲ್ಲಿಂದ ಮುಂದೆ ಕಡಲದಾರಿ ಹಿಡಿದವನ ಕೈಯಲ್ಲಿ ರೋಮ್‌ನ ಹೊಟ್ಟೆಯಿತ್ತು. ಕ್ರಿ.ಪೂ. 67ರಲ್ಲಿ ಕಡಲ್ಗಳ್ಳರಿಂದ ಧಾನ್ಯ ನಿಂತಾಗ ದಂಡನಾಯಕ ಪಾಂಪೆಗೆ ಸಮುದ್ರದ ಮೇಲೆ ಅಪೂರ್ವ ಅಧಿಕಾರ ಕೊಟ್ಟರು. ಪಶ್ಚಿಮದ ಕಡಲನ್ನು ಅವನು 40 ದಿನಗಳಲ್ಲಿ ಶುದ್ಧಗೊಳಿಸಿದ. ಅವನ ಮಗ ಸೆಕ್ಸ್ಟಸ್ ಸಿಸಿಲಿಯಲ್ಲಿ ಕೂತು ಅದೇ ದಾರಿಯನ್ನು ಅಡ್ಡಗಟ್ಟಿ ನಗರವನ್ನು ಹಸಿವಿಗೆ ನೂಕಿದಾಗ, ಕ್ರಿ.ಪೂ. 36ರಲ್ಲಿ ನೌಲೋಕಸ್ ಬಳಿ ಅವನನ್ನು ಮುರಿದವನು ಅಗ್ರಿಪ್ಪ. ಐದು ವರ್ಷದ ನಂತರ ಆಕ್ಟಿಯಂನಲ್ಲಿ ಆಂಟನಿ ಮತ್ತು ಕ್ಲಿಯೋಪಾತ್ರ ಸೋತ ಮೇಲೆ ಈಜಿಪ್ಟಿನ ಗೋಧಿಯೂ ರೋಮ್‌ನ ಪಾಲಾಯಿತು. ಹಾಗಿದ್ದರೂ ಕೊರತೆ ತಪ್ಪಲಿಲ್ಲ: ಕ್ರಿ.ಶ. 51ರಲ್ಲಿ ಹಸಿದ ಜನರು ನಗರದ ಚೌಕದಲ್ಲೇ ಚಕ್ರವರ್ತಿ ಕ್ಲಾಡಿಯಸ್‌ನನ್ನು ಮುತ್ತಿ, ಬೈದು, ರೊಟ್ಟಿಯ ತುಂಡುಗಳನ್ನು ಅವನ ಮೇಲೆ ಎಸೆದರು. ಅವನು ಹಿಂಬಾಗಿಲಿನಿಂದ ಅರಮನೆ ಸೇರಬೇಕಾಯಿತು. ಚಳಿಗಾಲದ ಬಿರುಗಾಳಿಗೆ ಹಡಗು ಕಳೆದುಕೊಂಡ ವರ್ತಕರ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಅವನು ಮಾತು ಕೊಟ್ಟದ್ದು ಇಂಥ ಕೊರತೆಯ ಭಯದಿಂದಲೇ. ಆ ಪ್ರಯಾಣದ ಅಪಾಯ ಎಷ್ಟೆಂಬುದು ಬೈಬಲ್ ಓದಿದವರಿಗೆ ಗೊತ್ತು: ಸಂತ ಪೌಲನನ್ನು ರೋಮ್‌ಗೆ ಒಯ್ಯುತ್ತಿದ್ದುದು ಅಲೆಕ್ಸಾಂಡ್ರಿಯದ ಹಡಗು, ಬಿರುಗಾಳಿಯಲ್ಲಿ ಅದರಲ್ಲಿದ್ದ 276 ಮಂದಿ ಉಂಡು ತೃಪ್ತರಾದ ಮೇಲೆ ಹಡಗನ್ನು ಹಗುರ ಮಾಡಲು ಉಳಿದ ಗೋಧಿಯನ್ನು ಸಮುದ್ರಕ್ಕೆ ಸುರಿದರು.

ತತ್ವಜ್ಞಾನಿ ಸೆನೆಕ ತನ್ನ ಪತ್ರವೊಂದರಲ್ಲಿ ನೇಪಲ್ಸ್ ಸಮೀಪದ ಪುಟಿಯೋಲಿ ಬಂದರಿನ ಒಂದು ದಿನವನ್ನು ಚಿತ್ರಿಸಿದ್ದಾನೆ. ಧಾನ್ಯದ ಹಡಗುಗಳ ಹಿಂಡು ಬರುತ್ತಿದೆಯೆಂದು ತಿಳಿಸುವ ಪುಟ್ಟ ದೋಣಿಗಳು ಮುಂಚಿತವಾಗಿ ಬಂದು ಸೇರುತ್ತವೆ. ಊರಿನ ಜನವೆಲ್ಲ ಕಟ್ಟೆಯ ಮೇಲೆ ಬಂದು ನಿಲ್ಲುತ್ತಾರೆ. ಬಂದರು ಹೊಗುವಾಗ ಮೇಲುಹಾಯಿಯನ್ನು ಇಳಿಸದೆ ಹರಡಿಟ್ಟುಕೊಳ್ಳುವ ಹಕ್ಕು ಇದ್ದದ್ದು ಅಲೆಕ್ಸಾಂಡ್ರಿಯದ ಹಡಗುಗಳಿಗೆ ಮಾತ್ರ. ಆದ್ದರಿಂದ ನೂರು ಹಡಗುಗಳ ನಡುವೆಯೂ ಆ ಒಂದು ತುಂಡು ಬಟ್ಟೆಯನ್ನು ದೂರದಿಂದಲೇ ಗುರುತಿಸಿ, ಗೋಧಿ ಬಂತು ಎಂದು ಅವರು ತಿಳಿಯುತ್ತಿದ್ದರು.