ಡೇರ್‌ಡೆವಿಲ್‌ನ ಮೊದಲ ಪುಸ್ತಕ ಯಾವುದು?

ಪ್ರಶ್ನೆ: ನಾನು ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದೇನೆ. ರಜೆಯಲ್ಲಿ ಅಣ್ಣನ ಜೊತೆ ಕೂತು ಡೇರ್‌ಡೆವಿಲ್ ಸೀರೀಸ್ ಪೂರ್ತಿ ನೋಡಿದೆ. ಹಗಲು ಕೋರ್ಟಿನಲ್ಲಿ ವಾದ ಮಾಡಿ, ರಾತ್ರಿ ಬೀದಿಗಿಳಿಯುವ ಆ ಕಣ್ಣು ಕಾಣದ ವಕೀಲ ತುಂಬಾ ಹಿಡಿಸಿದ. ಕಾಮಿಕ್ ಓದೋಣ ಅಂತ ಹುಡುಕಿದರೆ ತಲೆ ಕೆಟ್ಟುಹೋಯಿತು. 1964ರಿಂದ ಬರುತ್ತಿದೆಯಂತೆ. 'ನಂಬರ್ 1' ಅಂತಲೇ ಎಷ್ಟೋ ಇವೆ. ಎಲ್ಲವನ್ನೂ ಓದಬೇಕಾ? ನನ್ನ ಹತ್ತಿರ ದುಡ್ಡು ಜಾಸ್ತಿ ಇಲ್ಲ. ಒಂದೇ ಪುಸ್ತಕ ಕೊಳ್ಳುವುದಾದರೆ ಯಾವುದು?
– ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಎಲ್ಲವನ್ನೂ ಓದಬೇಕಿಲ್ಲ. 1964ರಿಂದ ಶುರು ಮಾಡುವುದೂ ಬೇಡ. ಮಾರ್ಕ್ ವೇಡ್ ಬರೆದ 2011ರ ಡೇರ್‌ಡೆವಿಲ್ ಮೊದಲ ಸಂಪುಟ ಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ನಂಬರಿನ ಗೊಂದಲ ಬಿಡಿಸೋಣ. ಡೇರ್‌ಡೆವಿಲ್‌ಗೆ 1964ರಲ್ಲಿ ಒಂದು ನಂಬರ್ 1 ಬಂತು. ಆಮೇಲೆ 1998, 2011, 2014, 2015, 2019, 2022, 2023ರಲ್ಲೂ ಬಂದವು. ಹೆಚ್ಚಾಗಿ ಹೊಸ ಬರಹಗಾರರು ಬಂದಾಗ, ಹೊಸ ಓದುಗರು ಒಳಗೆ ಬರಲಿ ಅಂತ ಪ್ರಕಾಶಕರಾದ ಮಾರ್ವೆಲ್ ಎಣಿಕೆಯನ್ನೇ ಮತ್ತೆ ಒಂದರಿಂದ ಶುರು ಮಾಡುತ್ತದೆ. ನಡುವೆ ಯಾವಾಗಲೋ ಹಳೆಯ ಲೆಕ್ಕಕ್ಕೆ ವಾಪಸ್ ಹೋಗುತ್ತದೆ. 2009ರಲ್ಲಿ 500ನೇ ಸಂಚಿಕೆ ಬಂದದ್ದು ಹಾಗೆ. ಆದ್ದರಿಂದ ಮುಖಪುಟದ ನಂಬರ್ ನಂಬಬೇಡಿ. ಬರೆದವರ ಹೆಸರು, ಚಿತ್ರ ಬಿಡಿಸಿದವರ ಹೆಸರು ನೋಡಿ. ಪಂಪನ ಭಾರತ ಬೇರೆ, ಕುಮಾರವ್ಯಾಸನ ಭಾರತ ಬೇರೆ ಅಲ್ವಾ? ಕುಮಾರವ್ಯಾಸನನ್ನು ಓದಲು ಯಾರೂ ಪಂಪನನ್ನು ಮುಗಿಸಿ ಬರಬೇಕಿಲ್ಲ. ಇಲ್ಲೂ ಹಾಗೆಯೇ.

ತಿಳಿದಿರಬೇಕಾದದ್ದು ನಿಮಗೆ ಆಗಲೇ ತಿಳಿದಿದೆ. ಮ್ಯಾಟ್ ಮರ್ಡಾಕ್ ಬಾಲ್ಯದಲ್ಲಿ ಅಪಘಾತದಲ್ಲಿ ಕಣ್ಣು ಕಳೆದುಕೊಂಡ, ಉಳಿದ ಇಂದ್ರಿಯಗಳು ಚುರುಕಾದವು. ಅಪ್ಪ ಬಾಕ್ಸರ್, ಬೇಕೆಂದೇ ಸೋಲಲು ಒಪ್ಪದೆ ಕೊಲೆಯಾದ. ಗೆಳೆಯ ಫಾಗಿ ಜೊತೆ ವಕೀಲಿ. ಊರು ನ್ಯೂಯಾರ್ಕಿನ ಹೆಲ್ಸ್ ಕಿಚನ್. ಇಷ್ಟು ಸಾಕು.

ಈಗ ವೇಡ್ ಯಾಕೆ ಅನ್ನುವುದು. ಕಥೆ ತೆರೆಯುವ ಹೊತ್ತಿಗೆ ಮ್ಯಾಟ್‌ನೇ ಡೇರ್‌ಡೆವಿಲ್ ಅನ್ನುವ ಗುಮಾನಿ ಊರಿಗೆಲ್ಲ ಹಬ್ಬಿದೆ. ಅವನು ಅಲ್ಲ ಅನ್ನುತ್ತಾನೆ, ಯಾರೂ ನಂಬುವುದಿಲ್ಲ. ಕೋರ್ಟಿನಲ್ಲಿ ಎದುರಾಳಿ ವಕೀಲರು ಅದನ್ನೇ ಎತ್ತಿ ಕೇಸನ್ನು ಹಳಿ ತಪ್ಪಿಸುತ್ತಾರೆ. ಹೀಗಾದರೆ ಕಕ್ಷಿದಾರರ ಗತಿ ಏನು? ಮ್ಯಾಟ್ ಮತ್ತು ಫಾಗಿ ಒಂದು ದಾರಿ ಹುಡುಕುತ್ತಾರೆ. ತಾವು ಹಿಂದೆ ನಿಂತು, ಕಕ್ಷಿದಾರರೇ ತಮ್ಮ ಕೇಸನ್ನು ತಾವೇ ವಾದಿಸುವ ಹಾಗೆ ತಯಾರು ಮಾಡುತ್ತಾರೆ. ಕಾನೂನು ಓದುವ ನಿಮಗೆ ಈ ಭಾಗ ಎಷ್ಟು ರುಚಿಸುತ್ತದೆ ಅಂತ ನನಗೆ ಗೊತ್ತು.

ಇನ್ನು ಚಿತ್ರಗಳು. ಕಾಣದವನಿಗೆ ಜಗತ್ತು ಹೇಗೆ ತೋರುತ್ತದೆ ಅನ್ನುವುದನ್ನು ಚಿತ್ರದಲ್ಲಿ ಹೇಗೆ ಬಿಡಿಸುವುದು? ಪಾವೊಲೊ ರಿವೇರಾ ಮತ್ತು ಮಾರ್ಕೋಸ್ ಮಾರ್ಟಿನ್ ಅದನ್ನು ಗೆರೆಗಳಲ್ಲಿ ತೋರಿಸಿದ್ದಾರೆ, ಸದ್ದಿನ ಪದಗಳನ್ನೇ ಚಿತ್ರದೊಳಗೆ ಸೇರಿಸಿದ್ದಾರೆ. ಟೀವಿಯಲ್ಲಿ ಇದು ಆಗುವುದಿಲ್ಲ. ಕಾಮಿಕ್ ಯಾಕೆ ಓದಬೇಕು ಅನ್ನುವುದಕ್ಕೆ ಉತ್ತರ ಆ ಪುಟಗಳಲ್ಲೇ ಇದೆ.

ಮೊದಲ ಸಂಪುಟದಲ್ಲಿ ಆರು ಸಂಚಿಕೆಗಳಿವೆ. ಎರಡನೆಯದಕ್ಕೆ ದುಡ್ಡು ಹೊಂದಿದರೆ, ಅದು ಏಳನೇ ಸಂಚಿಕೆಯಿಂದ ಶುರುವಾಗುತ್ತದೆ. ಕಣ್ಣು ಕಾಣದ ಶಾಲಾ ಮಕ್ಕಳನ್ನು ಕರೆದುಕೊಂಡು ಮ್ಯಾಟ್ ಹೊರಟಿದ್ದಾನೆ, ಹಿಮದ ನಡುವೆ ಬಸ್ಸು ಅಪಘಾತವಾಗುತ್ತದೆ. ಹಿಮದಲ್ಲಿ ಅವನ ಶಕ್ತಿ ಕೈಕೊಡುತ್ತದೆ. ಖಳನಾಯಕ ಇಲ್ಲ, ಹೊಡೆದಾಟ ಇಲ್ಲ. ಒಂದೇ ಸಂಚಿಕೆಯಲ್ಲಿ ಮುಗಿಯುತ್ತದೆ. 2012ರಲ್ಲಿ ಇದಕ್ಕೆ ಅತ್ಯುತ್ತಮ ಬಿಡಿ ಸಂಚಿಕೆ ಅಂತ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿಯಾದ ಐಸ್ನರ್ ಬಂತು. ಸೂಪರ್‌ಹೀರೋ ಕಥೆ ಎಂದರೆ ಮೂಗು ಮುರಿಯುವವರ ಕೈಗೆ ನಾನು ಕೊಡುವುದು ಇದನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೇಡ್ ಕಥೆಯಲ್ಲಿ ಬೆಳಕು ಜಾಸ್ತಿ, ಟೀವಿಯ ಕತ್ತಲೆ ಇಲ್ಲ. ಆ ಕತ್ತಲೆಯೇ ಬೇಕು ಅನ್ನಿಸಿದರೆ 2019ರಲ್ಲಿ ಚಿಪ್ ಜ್ಡಾರ್ಸ್ಕಿ ಬರೆದು, ಮಾರ್ಕೊ ಕೆಕೆಟ್ಟೊ ಚಿತ್ರ ಬರೆದದ್ದನ್ನು ಹಿಡಿಯಿರಿ. ಡೇರ್‌ಡೆವಿಲ್ ಕೊಟ್ಟ ಏಟಿಗೆ ಒಬ್ಬ ಸಣ್ಣ ಕಳ್ಳ ಸಾಯುತ್ತಾನೆ, ಕಥೆ ಅಲ್ಲಿಂದ ಹೊರಡುತ್ತದೆ. ಅದೂ ಒಳ್ಳೆಯ ಬಾಗಿಲೇ.

ವೇಡ್ ಓದುತ್ತಾ ನಿಮಗೊಂದು ಪ್ರಶ್ನೆ ಬಂದೇ ಬರುತ್ತದೆ: ಮ್ಯಾಟ್‌ನ ಗುಟ್ಟು ಬಯಲಾದದ್ದು ಹೇಗೆ? ಆಗ ಹಿಂದಕ್ಕೆ ಹೋಗಿ. 2001ರಿಂದ 2006ರವರೆಗೆ ಬ್ರಯನ್ ಮೈಕಲ್ ಬೆಂಡಿಸ್ ಬರೆದ, ಅಲೆಕ್ಸ್ ಮಲೀವ್ ಚಿತ್ರ ಬಿಡಿಸಿದ ಕಂತುಗಳು ಬೇಕು. 1998ರಲ್ಲಿ ಶುರುವಾದ ಎಣಿಕೆಯ 26ನೇ ಸಂಚಿಕೆಯಿಂದ ಓದಿ. ಒಬ್ಬ ಎಫ್‌ಬಿಐ ಅಧಿಕಾರಿ ಮ್ಯಾಟ್‌ನ ಹೆಸರನ್ನು ಪತ್ರಿಕೆಗೆ ಮಾರುತ್ತಾನೆ. ಪತ್ರಿಕೆ ಬರೆದದ್ದು ಸತ್ಯ. ಆದರೂ ಮ್ಯಾಟ್ ಆ ಪತ್ರಿಕೆಯ ಮೇಲೆ ದಾವೆ ಹೂಡುತ್ತಾನೆ. ವಕೀಲನೊಬ್ಬ, ಅದೂ ನ್ಯಾಯ ನ್ಯಾಯ ಅನ್ನುವವನು, ಸುಳ್ಳಿನ ಮೇಲೆ ಕೇಸು ಕಟ್ಟುತ್ತಾನೆ. ಬೆಂಡಿಸ್ ಇದನ್ನು ಸುಲಭವಾಗಿ ಬಿಡುವುದಿಲ್ಲ. ಇದರಲ್ಲೇ 38ರಿಂದ 40ರವರೆಗೆ ವೈಟ್ ಟೈಗರ್ ಅನ್ನುವ ಇನ್ನೊಬ್ಬ ವೇಷಧಾರಿಯ ಕೊಲೆ ವಿಚಾರಣೆ ಬರುತ್ತದೆ. ಪೊಲೀಸನನ್ನು ಕೊಂದ ಆರೋಪ. ಮ್ಯಾಟ್ ಅವನ ಪರ ನಿಲ್ಲುತ್ತಾನೆ. ಮುಂದೆ ಹೇಳುವುದಿಲ್ಲ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಅಷ್ಟು ಹೇಳಬಲ್ಲೆ.

ಎಲ್ಲರೂ ನಿಮಗೆ ಬರಹಗಾರ ಫ್ರಾಂಕ್ ಮಿಲ್ಲರ್ ಹೆಸರು ಹೇಳುತ್ತಾರೆ, ಅವರ 'ಬಾರ್ನ್ ಅಗೇನ್'ನಿಂದಲೇ ಶುರು ಮಾಡಿ ಅನ್ನುತ್ತಾರೆ. 1986ರಲ್ಲಿ ಬಂದ ಈ ಕಥೆಗೆ ಚಿತ್ರ ಡೇವಿಡ್ ಮಝುಕೆಲ್ಲಿ ಅವರದು. ಡೇರ್‌ಡೆವಿಲ್ ಕಥೆಗಳಲ್ಲಿ ನನ್ನ ಪ್ರಕಾರ ಇದಕ್ಕಿಂತ ದೊಡ್ಡದಿಲ್ಲ. ಆದರೂ ಮೊದಲು ಓದಬೇಡಿ ಅನ್ನುತ್ತೇನೆ. ಅಪರಾಧ ಲೋಕದ ದೊರೆ ಕಿಂಗ್‌ಪಿನ್ ಇದರಲ್ಲಿ ಮ್ಯಾಟ್‌ನ ದುಡ್ಡು, ಕೆಲಸ, ಮನೆ, ಹೆಸರು ಒಂದೊಂದಾಗಿ ಕಿತ್ತುಕೊಳ್ಳುತ್ತಾನೆ. ಕಳೆದುಕೊಂಡದ್ದು ಏನು ಅಂತ ಗೊತ್ತಿಲ್ಲದವರಿಗೆ ಆ ಕಳೆದುಕೊಳ್ಳುವಿಕೆ ನಾಟುವುದಿಲ್ಲ. ಮಲ್ಲೇಶ್ವರದಲ್ಲಿ ನಾನು ಬಾಡಿಗೆ ಲೈಬ್ರರಿ ನಡೆಸುತ್ತಿದ್ದಾಗ ಈ ಪುಸ್ತಕವನ್ನೇ ಮೊದಲು ಒಯ್ದ ಹುಡುಗರು ಅರ್ಧಕ್ಕೆ ವಾಪಸ್ ತರುತ್ತಿದ್ದರು. 'ಇವನು ಯಾರು ಅಂತಲೇ ಗೊತ್ತಾಗಲಿಲ್ಲ ಸಾರ್' ಅನ್ನುತ್ತಿದ್ದರು. ಅವರ ಮಾತು ಸರಿಯೇ. ಮ್ಯಾಟ್‌ನ ಜೊತೆ ಸ್ವಲ್ಪ ಕಾಲ ಕಳೆದು ಬನ್ನಿ. ಆಮೇಲೆ ಮೊದಲ ಮೂರು ಅಧ್ಯಾಯಗಳ ಆರಂಭದ ಪುಟ ನೋಡಿ. ಮನೆಯ ಹಾಸಿಗೆಯಲ್ಲಿ ಮಲಗಿದ್ದವನು ಅಗ್ಗದ ಹೋಟೆಲಿಗೆ, ಅಲ್ಲಿಂದ ಬೀದಿಯ ಕಸದ ನಡುವೆ ಬಂದು ಮುಟ್ಟುತ್ತಾನೆ. ಬರೀ ಚಿತ್ರದಲ್ಲೇ ಅವನ ಪತನ ಹೇಳಿ ಮುಗಿಸಿದ್ದಾರೆ.

ಅದು ಹಿಡಿಸಿದರೆ ಮಿಲ್ಲರ್ ತಾವೇ ಬರೆಯಲು ಶುರು ಮಾಡಿದ 168ನೇ ಸಂಚಿಕೆಗೆ, ಅಂದರೆ 1981ಕ್ಕೆ ಹೋಗಿ. ಮ್ಯಾಟ್‌ನ ಹಳೆಯ ಪ್ರೇಯಸಿ ಎಲೆಕ್ಟ್ರಾ ಮೊದಲು ಕಾಣಿಸುವುದು ಅಲ್ಲೇ. ಕಿಂಗ್‌ಪಿನ್ ಮೂಲತಃ ಸ್ಪೈಡರ್‌ಮ್ಯಾನ್‌ನ ಶತ್ರು. ಅವನನ್ನು ಮ್ಯಾಟ್‌ನ ಎದುರು ತಂದು ನಿಲ್ಲಿಸಿದವರೂ ಮಿಲ್ಲರ್.

1960ರ ದಶಕದ ಸಂಚಿಕೆಗಳಲ್ಲಿ ಒಂದನ್ನು ಮಾತ್ರ ಬಿಡಬೇಡಿ. 1965ರ ಏಳನೆಯದು, ವಾಲಿ ವುಡ್ ಚಿತ್ರ. ಡೇರ್‌ಡೆವಿಲ್ ಹಳದಿ ಉಡುಪು ಬಿಟ್ಟು ಕೆಂಪು ಉಡುಪಿಗೆ ಬಂದದ್ದು ಇದರಲ್ಲಿ. ಕಡಲಾಳದ ರಾಜ ನೇಮೋರ್, ಇಡೀ ಮನುಷ್ಯಕುಲದ ಮೇಲೆ ದಾವೆ ಹೂಡಬೇಕು ಅಂತ ಮ್ಯಾಟ್‌ನ ಆಫೀಸಿಗೆ ಬರುತ್ತಾನೆ! ಈ ದಾವೆ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ ಅಂತ ನಿಮ್ಮ ಕ್ಲಾಸಿನಲ್ಲಿ ಚರ್ಚೆ ಮಾಡಿ.

ದುಡ್ಡಿನ ವಿಷಯ. ಬಿಡಿ ಸಂಚಿಕೆ ಹುಡುಕಲು ಹೋಗಬೇಡಿ, ಐದಾರು ಸಂಚಿಕೆ ಸೇರಿಸಿದ ಪೇಪರ್‌ಬ್ಯಾಕ್ ಕೊಳ್ಳಿ. ಆಮ್ನಿಬಸ್ ಅನ್ನುವ ದಪ್ಪ ಪುಸ್ತಕಗಳು ಈಗ ಬೇಡ. ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳ ಕಾಮಿಕ್ಸ್ ಕಪಾಟು ನೋಡಿ.

ಪ್ರಶ್ನೆ: ಹುಡುಗನಾಗಿದ್ದಾಗ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಓದುತ್ತಿದ್ದೆ. ಈಗ ನಿವೃತ್ತ. ಮತ್ತೆ ಓದಬೇಕು ಅನ್ನಿಸುತ್ತಿದೆ. 1936ರ ಮೊದಲ ಕಥೆಯಿಂದಲೇ ಶುರು ಮಾಡಬೇಕೇ?
– ಹಿರಿಯ ಓದುಗರು, ಹಾಸನ

ಉತ್ತರ: ಬೇಕಿಲ್ಲ ಸಾರ್. ಫ್ಯಾಂಟಮ್ ದಿನಪತ್ರಿಕೆಯಲ್ಲಿ ದಿನವೂ ಬರುವ ಚಿತ್ರಪಟ್ಟಿಯಾಗಿ (ಸ್ಟ್ರಿಪ್) ಬಂದದ್ದು. ಒಂದು ಕಥೆ ಕೆಲವು ತಿಂಗಳು ನಡೆದು ಮುಗಿಯುತ್ತಿತ್ತು, ಆಮೇಲೆ ಹೊಸದು. ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಹಾಗಾಗಿ ಎಲ್ಲಿ ಹಿಡಿದರೂ ನಡೆಯುತ್ತದೆ. ನೀವು 1961ರಿಂದ ಸೈ ಬ್ಯಾರಿ ಬಿಡಿಸಿದ ಪಟ್ಟಿಗಳನ್ನು ಹಿಡಿಯಿರಿ, ನಿಮ್ಮ ನೆನಪಿನ ಫ್ಯಾಂಟಮ್ ಬಹುಶಃ ಅವರದೇ. ಇಂದ್ರಜಾಲದವರು ಪುಟಕ್ಕೆ ಹೊಂದಿಸಲು ಕೆಲವು ಚಿತ್ರಗಳನ್ನು ಬಿಡುತ್ತಿದ್ದರು, ಹೆಸರುಗಳನ್ನೂ ಬದಲಿಸಿದ್ದರು. ಮೂಲದ ಪಟ್ಟಿಗಳನ್ನು ಓದಿದರೆ ಬಿಟ್ಟುಹೋದದ್ದೂ ಸಿಗುತ್ತದೆ. 1977ರ ಮದುವೆಯ ಕಥೆಯನ್ನು ಮಾತ್ರ ಸ್ವಲ್ಪ ತಡವಾಗಿ ಓದಿ. ಡಯಾನಾ ಅಷ್ಟು ವರ್ಷ ಕಾದದ್ದು ಗೊತ್ತಿದ್ದರೆ ಆ ಪುಟಗಳ ಸಂತೋಷವೇ ಬೇರೆ.